ಚಾವಿ ಯಾರ ಹತ್ತಿರ?

ಕಲ್ಯಾಣಿನ ಓದುಗರೊಬ್ಬರು 14 ಪುಟದ ಕರಡೊಂದನ್ನು ಕಳಿಸಿದ್ದಾರೆ. ಕಾಲೇಜಿನ ನಾಲ್ವರು ಹುಡುಗರು, ಬ್ಯಾಂಕಿನಿಂದ ನಿವೃತ್ತರಾದ ಇಬ್ಬರು, ಲೋಕೋ ಶೆಡ್ಡಿನ ಒಬ್ಬ ಫಿಟ್ಟರ್ ಎಲ್ಲ ಸೇರಿ ಒಂದು ಹ್ಯಾಕರ್‌ಸ್ಪೇಸ್ ತೆರೆಯುವವರಿದ್ದಾರೆ. ಸಂಬಳದವರು ಯಾರೂ ಇಲ್ಲ, ಎಲ್ಲರೂ ಸ್ವಯಂಸೇವಕರು. ಕರಡಿನಲ್ಲಿ ಧ್ಯೇಯೋದ್ದೇಶ ಇದೆ, ಮೂರು ದರ್ಜೆಯ ಸದಸ್ಯತ್ವ ಇದೆ, ಐದು ಉಪಸಮಿತಿಗಳಿವೆ, ಗೌರವಾಧ್ಯಕ್ಷರೂ ಇದ್ದಾರೆ. ಧ್ವಜದ ಬಣ್ಣ ಒಂದನ್ನು ಬಿಟ್ಟರೆ ಮಿಕ್ಕಿದ್ದೆಲ್ಲ ಬಂದಿದೆ. ‘ಏನಾದರೂ ಬಿಟ್ಟುಹೋಗಿದ್ದರೆ ತಿಳಿಸಿ’ ಎಂದು ಕೊನೆಯಲ್ಲಿ ಬರೆದಿದ್ದಾರೆ. ಎರಡು ಸಲ ಓದಿದೆ. ಶಟರಿನ ಚಾವಿ ಯಾರ ಹತ್ತಿರ ಇರುತ್ತದೆ ಎಂಬುದು ಆ 14 ಪುಟಗಳಲ್ಲಿ ಎಲ್ಲಿಯೂ ಇಲ್ಲ.

ಇಂಥ ಜಾಗಕ್ಕೆ ಎಂಥ ನಿಯಮ ಬೇಕು ಎಂಬ ಪ್ರಶ್ನೆ ಈಚೆಗೆ ಮತ್ತೆ ಮತ್ತೆ ಬರುತ್ತಿದೆ. ನೆರೂಲ್‌ನಿಂದ ಬಂತು, ಥಾಣೆಯ ಘೋಡಬಂದರ್ ರಸ್ತೆಯ ಒಂದು ಕಾಂಪ್ಲೆಕ್ಸಿನಿಂದ ಬಂತು. ಡೊಂಬಿವಲಿಯಲ್ಲಿ ನಾವು ಒಂದಷ್ಟು ಜನ ಆರು ವರ್ಷದಿಂದ ಇಂಥದ್ದೊಂದನ್ನು ಎಳೆದುಕೊಂಡು ಬಂದಿದ್ದೇವೆ ಎಂಬ ಒಂದೇ ಕಾರಣಕ್ಕೆ ನನ್ನನ್ನು ಕೇಳುತ್ತಾರೆ. ಉತ್ತರವನ್ನು ಒಮ್ಮೆ ಇಲ್ಲಿಯೇ ಬರೆದುಬಿಡುತ್ತೇನೆ.

ಮೊದಲು ಹೆಸರಿನ ಗೊಂದಲ ಮುಗಿಸೋಣ. ಹ್ಯಾಕರ್ ಎಂದರೆ ಬ್ಯಾಂಕ್ ಖಾತೆಗೆ ಕನ್ನ ಹಾಕುವವನು ಎಂದೇ ನಮ್ಮವರ ತಿಳಿವಳಿಕೆ. ಅವರ ತಪ್ಪೇನಿಲ್ಲ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ನೇ ಕಲಮಿನ ತಲೆಬರಹವೇ ಹ್ಯಾಕಿಂಗ್ ಎಂದಿತ್ತು. 2008ರ ತಿದ್ದುಪಡಿಯಲ್ಲಿ ಆ ಪದವನ್ನು ಕೈಬಿಟ್ಟರು, ಜನರ ಬಾಯಲ್ಲಿ ಅದು ಹಾಗೆಯೇ ಉಳಿಯಿತು. ಅಮೆರಿಕದ ಎಂಐಟಿಯಲ್ಲಿ ಆಟಿಕೆ ರೈಲಿನ ಕ್ಲಬ್ಬು ನಡೆಸುತ್ತಿದ್ದ ವಿದ್ಯಾರ್ಥಿಗಳು 1950ರ ದಶಕದ ಕೊನೆಯಲ್ಲಿ ಈ ಮಾತನ್ನು ಆಡತೊಡಗಿದಾಗ ಅದರ ಅರ್ಥ ಬೇರೆ ಇತ್ತು: ಯಂತ್ರವನ್ನು ಬಿಚ್ಚಿ ನೋಡಿ, ಅದರಿಂದ ಹೊಸದೇನಾದರೂ ಮಾಡಿಸುವ ಜಾಣ್ಮೆ. ಹ್ಯಾಕರ್‌ಸ್ಪೇಸ್ ಅಂದರೆ ಅಂಥವರು ಸೇರುವ ಜಾಗ, ಹಲವರು ಹಂಚಿಕೊಂಡು ಬಳಸುವ ವರ್ಕ್‌ಶಾಪು. ನಮ್ಮಲ್ಲಿ ಒಬ್ಬ ತ್ರೀಡಿ ಪ್ರಿಂಟರಿನ ಮುಂದೆ ಕೂತಿದ್ದರೆ ಪಕ್ಕದಲ್ಲಿ ಇನ್ನೊಬ್ಬರು ಹೆಂಡತಿಯ ಮಿಕ್ಸಿ ಬಿಚ್ಚಿಕೊಂಡು ಕೂತಿರುತ್ತಾರೆ. ನಾವು ಬೋರ್ಡು ಹಾಕಿದ ದಿನವೇ ಕಟ್ಟಡದ ಸೆಕ್ರೆಟರಿ ಬಂದು, “ಪೊಲೀಸರು ಬಂದರೆ ನಾನು ಜವಾಬ್ದಾರನಲ್ಲ, ಈಗಲೇ ಹೇಳ್ತೇನೆ” ಎಂದರು. ಬೋರ್ಡು ಇಳಿಸಿದೆವು. ಈಗ ಅಲ್ಲಿ ‘ರಿಪೇರಿ ಮತ್ತು ಕಲಿಕೆ’ ಎಂದು ಮರಾಠಿಯಲ್ಲಿದೆ. ಆ ವರ್ಷ ಮಿಕ್ಸಿ ತಂದವರಲ್ಲಿ ಮೊದಲಿಗರು ಅದೇ ಸೆಕ್ರೆಟರಿ.

ಈಗ ಚಾವಿಯ ವಿಷಯ. ನಮ್ಮದು ಹಿಟ್ಟಿನ ಗಿರಣಿಗೆ ಅಂಟಿಕೊಂಡ, ಇಲ್ಲಿಯವರು ಗಾಳಾ ಎನ್ನುವ ಒಂದೇ ಶಟರಿನ ಕೋಣೆ. ಮೊದಲ ವರ್ಷ ಚಾವಿ ಒಂದೇ ಇತ್ತು, ಬಾಡಿಗೆ ಮಾತಾಡಿದ ಗೆಳೆಯರ ಕಿಸೆಯಲ್ಲಿ. ಮೇ ತಿಂಗಳು ಬಂತು. ಮೇ ತಿಂಗಳಲ್ಲಿ ಮುಂಬಯಿಯ ನಮ್ಮವರು ಎಲ್ಲಿರುತ್ತಾರೆಂದು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಊರಲ್ಲಿ ಮದುವೆ, ಅದು ಮುಗಿಯುವಷ್ಟರಲ್ಲಿ ದೈವದ ನೇಮ, ಅದರ ಬೆನ್ನಿಗೆ ಮನೆಯ ಹಂಚು ಕೈಯಾಡಿಸುವ ಕೆಲಸ. ಚಾವಿಯೂ ಅವರ ಜೊತೆ ಕಾರ್ಕಳಕ್ಕೆ ಹೋಗಿತ್ತು. 19 ದಿನ ಶಟರು ಏಳಲಿಲ್ಲ. ರಜೆಯಲ್ಲಿ ಕಲಿಯುತ್ತೇವೆಂದು ಬಂದಿದ್ದ ಹತ್ತು ಮಕ್ಕಳಲ್ಲಿ ಜೂನಿನಲ್ಲಿ ಮರಳಿ ಬಂದವರು ಇಬ್ಬರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಯಾರೂ ಜಗಳವಾಡಿರಲಿಲ್ಲ. ಎರಡನೇ ಚಾವಿ ಇಲ್ಲದೆ ಹೋದದ್ದಷ್ಟೇ ಕಾರಣ.

ಈಗ ಮೂರು ಚಾವಿಗಳಿವೆ. ಒಂದು ಡೊಂಬಿವಲಿಯಲ್ಲಿ, ಒಂದು ಥಾಣೆಯಲ್ಲಿ, ಮೂರನೆಯದು ಗಿರಣಿಯ ಮಾಲೀಕರ ಗಲ್ಲಾಪೆಟ್ಟಿಗೆಯಲ್ಲಿ. ಅವರು ನಮ್ಮ ಸದಸ್ಯರಲ್ಲ, ಹ್ಯಾಕರ್ ಎಂಬ ಪದವೂ ಅವರಿಗೆ ಬೇಕಿಲ್ಲ. ಆದರೆ ಬೆಳಿಗ್ಗೆ ಎಂಟರಿಂದ ರಾತ್ರಿ ಒಂಬತ್ತರವರೆಗೆ ಅಲ್ಲಿಯೇ ಇರುತ್ತಾರೆ. ಅವರ ಬಳಿ ಒಂದು ರೂಲು ಹಾಕಿದ ವಹಿ ಇದೆ. ಚಾವಿ ಒಯ್ದವರು ಹೆಸರು, ಹೊತ್ತು ಬರೆದು ಸಹಿ ಹಾಕಬೇಕು. ನನ್ನ ಮಟ್ಟಿಗೆ ನಮ್ಮ ಸಂಘಟನೆಯ ಸಂವಿಧಾನ ಅಂತ ಇದ್ದರೆ ಅದು ಹಿಟ್ಟಿನ ಧೂಳು ಮೆತ್ತಿದ ಆ ವಹಿ.

ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ 2007ರಲ್ಲಿ ಹುಟ್ಟಿದ ನಾಯ್ಸ್‌ಬ್ರಿಡ್ಜ್ ಎಂಬ ಹ್ಯಾಕರ್‌ಸ್ಪೇಸ್ ಇದೆ. ಈ ಲೋಕದಲ್ಲಿ ಅದರ ಹೆಸರು ದೊಡ್ಡದು, ಮುಖ್ಯವಾಗಿ ಅದರ ನಿಯಮದಿಂದ. ಬಹುಕಾಲ ಅಲ್ಲಿದ್ದ ನಿಯಮ ಒಂದೇ: ಒಬ್ಬರಿಗೊಬ್ಬರು ಚೆನ್ನಾಗಿ ನಡೆದುಕೊಳ್ಳಿ. ಉಳಿದದ್ದಕ್ಕೆಲ್ಲ ಅವರ ರೂಢಿ ‘ಮಾಡುವವನದೇ ಮಾತು’. ಯಾರಿಗೆ ಏನು ಬೇಕೋ ಅವರೇ ಮಾಡಲಿ, ಅಪ್ಪಣೆ ಕೇಳುತ್ತ ಕೂರುವುದು ಬೇಡ. ದೊಡ್ಡ ವಿಷಯ ಬಂದರೆ ಒಂದು ಮಂಗಳವಾರ ಸಭೆಯಲ್ಲಿ ಪ್ರಸ್ತಾಪ, ಮರು ಮಂಗಳವಾರ ಒಮ್ಮತ. ಕೇಳಲಿಕ್ಕೆ ಸೊಗಸು. ನಾವೂ ಅದನ್ನೇ ಗೋಡೆಗೆ ಬರೆದುಕೊಂಡು ಶುರು ಮಾಡಿದೆವು. ಮೂರನೇ ತಿಂಗಳಿಗೆ ಅದರ ಬಿಸಿ ತಟ್ಟಿತು.

ಉತ್ಸಾಹಿ ಹುಡುಗನೊಬ್ಬ ಒಂದು ಶನಿವಾರ ಒಬ್ಬನೇ ಬಂದು ಇಡೀ ಕೋಣೆ ಗುಡಿಸಿ ಒರೆಸಿ ಥಳಥಳ ಮಾಡಿದ. ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಸಾಮಾನನ್ನೆಲ್ಲ ಭಂಗಾರ್‌ವಾಲನಿಗೆ ತೂಗಿ ಹಾಕಿ, ಬಂದ 340 ರೂಪಾಯಿಯನ್ನು ಪ್ರಾಮಾಣಿಕವಾಗಿ ಡಬ್ಬಿಗೆ ಹಾಕಿದ. ಆ ತುಕ್ಕಿನಲ್ಲಿ ನಮ್ಮ ಹಿರಿಯರೊಬ್ಬರು ಲ್ಯಾಮಿಂಗ್ಟನ್ ರೋಡಿನಲ್ಲಿ ವರ್ಷಗಟ್ಟಲೆ ಹುಡುಕಿ ತಂದಿದ್ದ ಟ್ರಾನ್ಸ್‌ಫಾರ್ಮರ್ ಇತ್ತು. ಅವರ ಹಳೆಯ ವಾಲ್ವ್ ರೇಡಿಯೋಕ್ಕೆ ಬೇಕಾದದ್ದು. ಹುಡುಗ ನಿಯಮ ಮುರಿದಿರಲಿಲ್ಲ. ನಿಯಮ ಇದ್ದದ್ದೇ ‘ಮಾಡುವವನದೇ ಮಾತು’ ಎಂದು. ಹಿರಿಯರು ಬೈಯಲಿಲ್ಲ. “ಆಯ್ತು ಮಾರಾಯ, ಹೋದದ್ದು ಹೋಯ್ತು” ಎಂದು ಚಹಾ ಕುಡಿದು ಹೋದರು. ಆಮೇಲೆ ನಾಲ್ಕು ತಿಂಗಳು ಈ ಕಡೆ ತಲೆ ಹಾಕಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆ ಟ್ರಾನ್ಸ್‌ಫಾರ್ಮರಿನಿಂದ ನಾನು ಕಲಿತದ್ದೇ ನಿಯಮಾವಳಿ ಕೇಳುವವರಿಗೆಲ್ಲ ನಾನು ಹೇಳುವ ಮಾತು. ಮಾಡಿದ್ದನ್ನು ನಾಳೆ ಹಿಂದಕ್ಕೆ ತರಲು ಸಾಧ್ಯವಿದ್ದರೆ ಯಾರನ್ನೂ ಕೇಳಬೇಡಿ, ಮಾಡಿ. ಹಿಂದಕ್ಕೆ ತರಲಾಗದ್ದಾದರೆ ಕೇಳದೆ ಮುಟ್ಟಬೇಡಿ. ಮೇಜನ್ನು ಕಿಟಕಿಯ ಬಳಿಗೆ ಸರಿಸಿದಿರಾ, ಸರಿ, ಬೇಡವಾದರೆ ಮತ್ತೆ ಸರಿಸೋಣ. ಮಾರಿದ ಸಾಮಾನು, ಸುಟ್ಟ ಬೆರಳು, ಖರ್ಚಾದ ದುಡ್ಡು, ಒಬ್ಬ ಹುಡುಗಿಗೆ ಆದ ಅವಮಾನ, ಇವನ್ನು ಹಿಂದೆ ಸರಿಸಲಾಗುವುದಿಲ್ಲ. ನಿಯಮ ಬೇಕಾದದ್ದು ಇವಕ್ಕೆ. ಕಲ್ಯಾಣಿನ ಕರಡಿನ ಐದು ಉಪಸಮಿತಿಗಳಲ್ಲಿ ನಾಲ್ಕು ಮೇಜು ಸರಿಸುವ ಸಮಿತಿಗಳೇ. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ ಎಂಬ ಗಾದೆ ಉಪಸಮಿತಿಗಳನ್ನು ನೋಡಿಯೇ ಹುಟ್ಟಿರಬೇಕು. ಸಾಮಾನಿನ ಬಗ್ಗೆ ಈಗ ನಮ್ಮಲ್ಲಿ ಒಂದೇ ಸಾಲು ಇದೆ: ಹೆಸರು, ತಾರೀಖಿನ ಚೀಟಿ ಇಲ್ಲದ ವಸ್ತು 30 ದಿನ ಕಾಯುತ್ತದೆ, ಆಮೇಲೆ ಎಲ್ಲರದು.

ಬೆಂಕಿಯ ನಿಯಮ ಹುಟ್ಟಿದ್ದು ನನ್ನಿಂದ. ನಮ್ಮ ಕೆಲಸದ ಮೇಜು ಒಂದು ಉಡುಪಿ ಹೋಟೆಲು ಫರ್ನಿಚರ್ ಬದಲಿಸಿದಾಗ ದಾನವಾಗಿ ಬಂದದ್ದು, ಮೇಲೆ ಹಸಿರು ಸನ್ಮೈಕ. ಒಂದು ರಾತ್ರಿ ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ಸೋಲ್ಡರಿಂಗ್ ಐರನ್ನಿನ ಸ್ವಿಚ್ಚು ಆರಿಸದೆ ಹೊರಟೆ. ಸ್ಟ್ಯಾಂಡಿನಿಂದ ಜಾರಿದ ಐರನ್ ಸನ್ಮೈಕವನ್ನು ಕೊರೆದು ಒಳಗಿನ ಪ್ಲೈವುಡ್ಡಿಗೆ ಇಳಿದು ಹೊಗೆಯಾಡಿದೆ. ಗಿರಣಿಯವರಿಗೆ ವಾಸನೆ ಬಡಿಯಿತು, ಶಟರ್ ಎತ್ತಿ ಮೇನ್ ಸ್ವಿಚ್ ಆರಿಸಿದರು. ಹಿಟ್ಟಿನ ಧೂಳು ಗಾಳಿಯಲ್ಲಿ ತೇಲುವಾಗ ಕಿಡಿ ತಗುಲಿದರೆ ಏನಾಗುತ್ತದೆಂದು ಬಲ್ಲವರಿಗೆ ಈಗಲೂ ಇದನ್ನು ಓದಿ ಮೈ ಜುಮ್ಮೆನ್ನಬಹುದು. ಮೂರಿಂಚು ಉದ್ದದ ಆ ಕಪ್ಪು ಗೀರು ಇನ್ನೂ ಇದೆ. ಮೇಜಿಗೆ ಹೊಸ ಸನ್ಮೈಕ ಹಾಕಿಸೋಣ ಎಂದಾಗಲೆಲ್ಲ ನಾನೇ ಬೇಡ ಅಂದಿದ್ದೇನೆ. ಗೀರಿನ ಪಕ್ಕ ಚೀಟಿ ಅಂಟಿಸಿದೆ: ಕೊನೆಗೆ ಹೊರಡುವವರು ಮೇನ್ ಆರಿಸಬೇಕು, ಲಿಥಿಯಂ ಬ್ಯಾಟರಿಯನ್ನು ಚಾರ್ಜಿಗೆ ಇಟ್ಟು ಯಾರೂ ಹೋಗಕೂಡದು. ಕೆಳಗೆ ತಾರೀಖು, ಯಾಕೆ ಈ ನಿಯಮ ಎಂಬುದಕ್ಕೆ ಒಂದು ಸಾಲು.

ಕಾರಣ ಬರೆಯದ ನಿಯಮ ಎರಡು ವರ್ಷದಲ್ಲಿ ಮಡಿ ಮೈಲಿಗೆಯ ಹಾಗಾಗಿಬಿಡುತ್ತದೆ. ಯಾಕೆಂದು ಯಾರಿಗೂ ಗೊತ್ತಿಲ್ಲ, ಮುರಿದವನ ಮೇಲೆ ಸಿಟ್ಟು ಮಾತ್ರ ಎಲ್ಲರಿಗೂ ಬರುತ್ತದೆ.

ಡೊಂಬಿವಲಿಯವರಿಗೆ ಇನ್ನೊಂದು ಮಾತು. 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಇಲ್ಲಿನ ಎಂಐಡಿಸಿಯ ಕಾರ್ಖಾನೆಗಳಲ್ಲಿ ಸ್ಫೋಟಗಳಾಗಿ ಜನ ಸತ್ತರು, ದೂರದ ಮನೆಗಳ ಕಿಟಕಿ ಗಾಜುಗಳೂ ಒಡೆದವು. ಅದನ್ನು ಕಂಡವರ ಊರಲ್ಲಿ ಒಂದು ಕೋಣೆಯಲ್ಲಿ ಥಿನ್ನರ್ ಡಬ್ಬ, ಆಸಿಡ್ ಬಾಟಲಿ ಇಡುವುದೆಂದರೆ ನೆರೆಹೊರೆಯ ನಿದ್ದೆ ಕೆಡಿಸಿದಂತೆ. ಸರ್ಕ್ಯೂಟ್ ಬೋರ್ಡನ್ನು ಫೆರಿಕ್ ಕ್ಲೋರೈಡಿನಲ್ಲಿ ಎಚ್ಚಿಂಗ್ ಮಾಡುವ ಹುಮ್ಮಸ್ಸು ನಮ್ಮ ಹುಡುಗರಿಗಿತ್ತು. ಚರ್ಚೆ ಐದು ನಿಮಿಷವೂ ನಡೆಯಲಿಲ್ಲ, ಬೇಡ ಎಂದಾಯಿತು. ಕಾನೂನು ಏನನ್ನುತ್ತದೆ ಎನ್ನುವುದಕ್ಕಿಂತ ಮೇಲಿನ ಮಹಡಿಯ ಅಜ್ಜಿ ಏನನ್ನುತ್ತಾರೆ ಎನ್ನುವುದು ನಮಗೆ ಮುಖ್ಯ.

ತೀರ್ಮಾನ ತೆಗೆದುಕೊಳ್ಳುವ ಬಗೆಯನ್ನೂ ಊರೇ ಕಲಿಸಬೇಕು. ನಮ್ಮ ಸಭೆ ಭಾನುವಾರ. ಭಾನುವಾರವೆಂದರೆ ರೇಲ್ವೆಯ ಮೆಗಾಬ್ಲಾಕ್. ಒಂದು ವಾರ ಮುಖ್ಯ ಮಾರ್ಗದಲ್ಲಿ, ಆಗ ಕಲ್ಯಾಣ್, ಠಾಕುರ್ಲಿಯವರು ಒದ್ದಾಡುತ್ತಾರೆ. ಇನ್ನೊಂದು ವಾರ ಹಾರ್ಬರ್ ಅಥವಾ ಟ್ರಾನ್ಸ್ ಹಾರ್ಬರ್, ಆಗ ವಾಶಿ, ನೆರೂಲ್, ಐರೋಲಿಯವರಿಗೆ ದಾರಿಯಿಲ್ಲ. ಮೊದಲ ವರ್ಷ ಬಾಡಿಗೆಯ ಕರಾರು ನವೀಕರಿಸುವ ತೀರ್ಮಾನವನ್ನು ನವಿ ಮುಂಬಯಿಯ ಒಬ್ಬರೂ ಇಲ್ಲದ ಸಭೆಯಲ್ಲಿ ಕೈಗೊಂಡೆವು. ಬೇಕೆಂದೇ ಹೀಗೆ ಮಾಡಿದಿರಿ ಎಂಬ ಮಾತು ಬಂತು. ಈಗ ಹಿಂದಕ್ಕೆ ತರಲಾಗದ ಯಾವ ತೀರ್ಮಾನವನ್ನೂ ಒಂದೇ ಭಾನುವಾರದಲ್ಲಿ ಮುಗಿಸುವುದಿಲ್ಲ. ಒಂದು ಭಾನುವಾರ ಪ್ರಸ್ತಾಪ, ಮುಂದಿನ ಭಾನುವಾರ ನಿರ್ಧಾರ. ಸ್ಯಾನ್‌ಫ್ರಾನ್ಸಿಸ್ಕೋದವರ ಎರಡು ಮಂಗಳವಾರದ ಪದ್ಧತಿಗೆ ನಾವು ತಲುಪಿದ್ದು ಮಧ್ಯ ರೇಲ್ವೆಯ ಕೃಪೆಯಿಂದ. ವಾಟ್ಸಾಪಿನಲ್ಲಿ ತೀರ್ಮಾನವಿಲ್ಲ, ಅಲ್ಲಿ ಬರೀ ಮಾತು.

ನಾಯ್ಸ್‌ಬ್ರಿಡ್ಜಿನವರೂ ಒಂದೇ ಸಾಲಿನ ನಿಯಮದಲ್ಲಿ ಉಳಿಯಲಾಗಲಿಲ್ಲ. ಹಗಲು ರಾತ್ರಿ ತೆರೆದಿಟ್ಟ ಬಾಗಿಲಿನಿಂದ ಮಲಗಲು ಬರುವವರೂ ಬಂದರು, ಸಾಮಾನು ಕದಿಯುವವರೂ ಬಂದರು, ಕಿರುಕುಳದ ದೂರುಗಳೂ ಬಂದವು. ಚೆನ್ನಾಗಿ ನಡೆದುಕೊಳ್ಳಿ ಎಂಬ ಮಾತು ಈಗಾಗಲೇ ಚೆನ್ನಾಗಿ ನಡೆದುಕೊಳ್ಳುವವರಿಗೆ ಮಾತ್ರ ಕೇಳಿಸುತ್ತದೆ. ಕೊನೆಗೆ ಅವರೂ ರಾತ್ರಿಯ ಪ್ರವೇಶಕ್ಕೆ ಮಿತಿ ಹಾಕಿದರು, ಕಿರುಕುಳದ ಬಗ್ಗೆ ಬೇರೆ ನೀತಿ ಬರೆದುಕೊಂಡರು.

ನಮ್ಮಲ್ಲಿ ಅಂಥ ಗಲಾಟೆ ಏನೂ ನಡೆಯಲಿಲ್ಲ. ನಡೆದದ್ದು ಕಣ್ಣಿಗೆ ಕಾಣದಂಥದ್ದು. ಮೊದಲ ವರ್ಷ ಆರು ಮಂದಿ ಹುಡುಗಿಯರು ಬರುತ್ತಿದ್ದರು, ಎರಡನೇ ವರ್ಷ ಒಬ್ಬಳು. ಯಾಕೆಂದು ನಾವು ಕೇಳಿಯೂ ಇರಲಿಲ್ಲ. ಆ ಒಬ್ಬಳು ಒಂದು ದಿನ ತಾನಾಗಿ ಹೇಳಿದಳು: “ಅಂಕಲ್, ನಿಮ್ಮ ಕ್ಲಾಸ್ ಶುರುವಾಗೋದೇ ಎಂಟಕ್ಕೆ. ಅಂಬರ್‌ನಾಥ್‌ಗೆ ಮನೆ ಮುಟ್ಟುವಾಗ ಹತ್ತೂವರೆ. ಅಪ್ಪ ಎಷ್ಟು ದಿನ ಬಿಡ್ತಾರೆ?” ಎಂಟು ಗಂಟೆ ಎಂದು ಇಟ್ಟವರು ನಾವು ಆಫೀಸಿನಿಂದ ಬರುವ ಗಂಡಸರು, ನಮ್ಮ ಅನುಕೂಲಕ್ಕೆ. ಯಾವ ನಿಯಮವೂ ಹುಡುಗಿಯರು ಬೇಡ ಎಂದಿರಲಿಲ್ಲ, ಟೈಮ್‌ಟೇಬಲ್ ಹೇಳಿತ್ತು. ಈಗ ಕಲಿಕೆ ಶನಿವಾರ ಮಧ್ಯಾಹ್ನ. ಹದಿನೆಂಟು ತುಂಬದವರು ಇರುವಾಗ ಕನಿಷ್ಠ ಇಬ್ಬರು ದೊಡ್ಡವರು ಇರಲೇಬೇಕು, ಶಟರು ಪೂರ್ತಿ ಮೇಲಿರಬೇಕು. ದೂರು ಕೇಳಲು ಇಬ್ಬರು ಹೆಂಗಸರಿದ್ದಾರೆ, ಇಬ್ಬರೂ ಸಂಸ್ಥಾಪಕರಲ್ಲ, ಸಂಸ್ಥಾಪಕರ ಮನೆಯವರೂ ಅಲ್ಲ. ಅನೇಕರಿಗೆ ಗೊತ್ತಿಲ್ಲದ ಸಂಗತಿ: ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ಉದ್ಯೋಗಿ ಎಂಬ ಪದದ ಅರ್ಥದೊಳಗೆ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರೂ ಬರುತ್ತಾರೆ. ಹತ್ತು ಜನಕ್ಕಿಂತ ಕಡಿಮೆ ಇರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಆ ಮಾಹಿತಿ ಗೋಡೆಯ ಮೇಲೆ ಇರಲಿ.

ದುಡ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕನ್ನಡ ಸಂಘಗಳ ವಾರ್ಷಿಕ ಮಹಾಸಭೆಯಲ್ಲಿ ಕೂತವರಿಗೆಲ್ಲ ಗೊತ್ತು. ವಂತಿಗೆ ಎಷ್ಟೇ ಇರಲಿ, ಜಮಾ ಖರ್ಚಿನ ಹಾಳೆ ತಿಂಗಳಿಗೊಮ್ಮೆ ಗೋಡೆಗೆ ಬರಬೇಕು. ಒಬ್ಬರ ಸ್ವಂತ ಯುಪಿಐಗೆ ವರ್ಷಗಟ್ಟಲೆ ದುಡ್ಡು ಹಾಕುತ್ತ ಹೋಗಬೇಡಿ, ಅದರಿಂದ ಮೊದಲು ಕೆಡುವುದು ಆ ಒಳ್ಳೆಯ ಮನುಷ್ಯನ ಹೆಸರು.

ಹಾಗಾದರೆ ನೋಂದಣಿ? ಎಲ್ಲರೂ ಇದನ್ನು ಮೊದಲು ಕೇಳುತ್ತಾರೆ, ನಾನು ಕೊನೆಗೆ ಹೇಳುತ್ತೇನೆ. 1860ರ ಸೊಸೈಟಿ ನೋಂದಣಿ ಕಾಯ್ದೆಗೆ ಕನಿಷ್ಠ ಏಳು ಜನ ಬೇಕು. ಮಹಾರಾಷ್ಟ್ರದಲ್ಲಿ ಅದರ ಜೊತೆಗೆ 1950ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯಡಿ ಚಾರಿಟಿ ಕಮಿಷನರರ ಕಚೇರಿಯಲ್ಲೂ ದಾಖಲಾಗಬೇಕು. ಆಮೇಲೆ ಪದಾಧಿಕಾರಿ ಬದಲಾದರೆ 90 ದಿನದೊಳಗೆ ಬದಲಾವಣೆಯ ವರದಿ ಸಲ್ಲಿಸಬೇಕು, ವರ್ಷ ವರ್ಷ ಲೆಕ್ಕಪರಿಶೋಧನೆ ಆಗಬೇಕು. ಇದು ಬೇಡವೆಂದಲ್ಲ. ಸಂಸ್ಥೆಯ ಹೆಸರಲ್ಲಿ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ದೊಡ್ಡ ದೇಣಿಗೆ ಬೇಕಾದರೆ ನೋಂದಣಿಯೇ ಸರಿಯಾದ ದಾರಿ. ಆದರೆ ಮೊದಲ ವರ್ಷ ಬೇಡ ಎಂಬುದು ನನ್ನ ಮತ. ಯಾರು ಗುಡಿಸುತ್ತಾರೆ, ಯಾರು ಭಾಷಣ ಮಾತ್ರ ಮಾಡುತ್ತಾರೆ ಎಂದು ತಿಳಿಯಲು ಒಂದು ಮಳೆಗಾಲವಾದರೂ ಕಳೆಯಬೇಕು. ಅದಕ್ಕೆ ಮೊದಲೇ ಏಳು ಹೆಸರು ಬರೆದು ಕೊಟ್ಟರೆ, ತಪ್ಪಾದ ಏಳು ಹೆಸರುಗಳನ್ನು ಬದಲಿಸಲು ಕಚೇರಿ ಅಲೆಯಬೇಕಾಗುತ್ತದೆ. ನಾವು ನೋಂದಾಯಿಸಿದ್ದು ಮೂರನೇ ವರ್ಷದಲ್ಲಿ.

ಮಾದರಿ ಬೇಕೆಂದರೆ ದೂರ ಹೋಗಬೇಕಿಲ್ಲ. ಪುಣೆ ಜಿಲ್ಲೆಯ ಪಾಬಳ್ ಎಂಬ ಹಳ್ಳಿಯಲ್ಲಿ ಡಾ. ಶ್ರೀನಾಥ ಕಲಬಾಗ್ 1983ರಲ್ಲಿ ಕಟ್ಟಿದ ವಿಜ್ಞಾನ ಆಶ್ರಮ ಇದೆ. ಎಂಐಟಿಯ ಹೊರಗಿನ ಮೊದಲ ಫ್ಯಾಬ್ ಲ್ಯಾಬ್ (ಅದೂ ಹಂಚಿಕೊಂಡು ಬಳಸುವ ವರ್ಕ್‌ಶಾಪೇ) ಎಂದು ಅದಕ್ಕೆ ಹೆಸರು. ಅದು 2002ರ ಮಾತು. ಆಮೇಲೆ ಲೋಕದ ತುಂಬ ಹರಡಿದ ಫ್ಯಾಬ್ ಲ್ಯಾಬ್‌ಗಳಿಗೆಲ್ಲ ಒಂದು ಸನ್ನದು ಇದೆ, ಒಂದೇ ಪುಟದ್ದು. ಅದರಲ್ಲಿ ಬಳಸುವವರ ಹೊಣೆ ಮೂರೇ: ಜನರಿಗೂ ಯಂತ್ರಗಳಿಗೂ ಪೆಟ್ಟಾಗದಂತೆ ನೋಡಿಕೊಳ್ಳುವುದು, ಗುಡಿಸಿ ದುರಸ್ತಿ ಮಾಡಿ ಜಾಗವನ್ನು ನಡೆಸಲು ಕೈಜೋಡಿಸುವುದು, ಕಲಿತದ್ದನ್ನು ಬರೆದಿಟ್ಟು ಇನ್ನೊಬ್ಬರಿಗೆ ಕಲಿಸುವುದು. ಮೂರನೆಯದು ನಮಗೆ ಹೊಳೆದೇ ಇರಲಿಲ್ಲ. ಅದನ್ನು ಓದಿದ ಮೇಲೆ ಪ್ರತಿ ರಿಪೇರಿಗೂ ಅರ್ಧ ಪುಟ ಬರೆದಿಡುವ ಪರಿಪಾಠ ಶುರುವಾಯಿತು. ಮಿಕ್ಸಿಯ ಕಪ್ಲರ್ ಬಗ್ಗೆಯೇ ಈಗ ನಮ್ಮಲ್ಲಿ 22 ಪುಟಗಳಿವೆ. ಮರಾಠಿ, ಕನ್ನಡ, ಇಂಗ್ಲಿಷ್ ಎಲ್ಲ ಕಲಸಿದ ಭಾಷೆಯಲ್ಲಿ.

ನಮ್ಮ ಮಹಾನಗರದಲ್ಲಿ 2013ರಲ್ಲಿ ಶುರುವಾದ, ಇಂಥದ್ದೇ ಜಾಗವಾದ ಮೇಕರ್ಸ್ ಅಸೈಲಮ್ ಕೂಡ ನೆನಪಾಗುತ್ತದೆ. ಅವರದು ನಮ್ಮಂತೆ ಪುಕ್ಕಟೆ ದುಡಿಮೆಯಲ್ಲಿ ನಡೆದದ್ದಲ್ಲ, ಬೇರೆ ಅಳತೆಯದು. ಆದರೂ 2020ರ ಕೊರೋನಾ ಹೊತ್ತಿಗೆ ಅವರು ಫೇಸ್ ಶೀಲ್ಡಿನ ವಿನ್ಯಾಸವನ್ನು ಬಚ್ಚಿಡದೆ ಎಲ್ಲರಿಗೂ ಕೊಟ್ಟರು. 42 ಊರುಗಳ ಕೈಗಳು ಸೇರಿ 49 ದಿನಗಳಲ್ಲಿ ಹತ್ತು ಲಕ್ಷ ಫೇಸ್ ಶೀಲ್ಡ್ ಮಾಡಿದವು. ಮರು ವರ್ಷ ಅವರು ಮುಂಬಯಿ ಬಿಟ್ಟು ಗೋವಾಕ್ಕೆ ಹೋದರು. ಇಲ್ಲಿಯ ಚದರಡಿ ಲೆಕ್ಕದಲ್ಲಿ ಇಂಥ ಜಾಗ ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದು ನಮಗೂ ಪ್ರತಿ ತಿಂಗಳ ಐದನೇ ತಾರೀಖು ಗೊತ್ತಾಗುತ್ತದೆ.

ಕಲ್ಯಾಣಿನ ಗೆಳೆಯರಿಗೆ ಉತ್ತರ ಇಷ್ಟೇ. ಆ 14 ಪುಟಗಳನ್ನು ಹರಿಯಬೇಡಿ, ಹಿಂಬದಿ ಖಾಲಿ ಇದೆ, ಬರೆಯಲು ಬರುತ್ತದೆ. ಅದರ ಮೇಲೆ ಚಾವಿ ಇಟ್ಟುಕೊಳ್ಳುವ ಮೂವರ ಹೆಸರು ಬರೆದು ಕಳಿಸಿ. ಮೂವರೂ ಮೇ ತಿಂಗಳಲ್ಲಿ ಒಟ್ಟಿಗೆ ಊರಿಗೆ ಹೋಗುವವರಾಗದಿರಲಿ. ಬಂದು ನೋಡುವ ಮನಸ್ಸಿದ್ದರೆ ಶನಿವಾರ ಮಧ್ಯಾಹ್ನ ಮೂರರ ಮೇಲೆ ಬನ್ನಿ, ಶಟರು ಎದ್ದಿರುತ್ತದೆ. ರಿಪೇರಿಗೆ ಏನಾದರೂ ತರುವುದಿದ್ದರೆ ಹೆಸರು, ತಾರೀಖಿನ ಚೀಟಿ ಅಂಟಿಸಿಕೊಂಡೇ ತನ್ನಿ.